ಗಿಡಗಳ ಮೇಲೆ ಇಳಿದ ವಿಮಾನ

ಊರಿನ ಅಂಚಿನಲ್ಲಿ, ವಿಮಾನ ಹಾರಿಸಲು ಕಲಿಸುವ ಕ್ಲಬ್ಬಿನ ಮೈದಾನಕ್ಕೆ ತಾಗಿಕೊಂಡು ಅವಳ ಸಸಿತೋಟವಿತ್ತು. ಬೋರ್ಡಿನ ಮೇಲೆ 'ನರ್ಸರಿ' ಎಂದಷ್ಟೇ ಬರೆಸಿದ್ದಳು. ಅದನ್ನು ಓದಿಕೊಂಡು ವರ್ಷಕ್ಕೆ ಒಬ್ಬಿಬ್ಬರಾದರೂ ಮಗುವಿನ ಕೈ ಹಿಡಿದು ಒಳಗೆ ಬಂದು, "ಅಡ್ಮಿಶನ್ ಶುರುವಾಗಿದೆಯಾ ಮೇಡಂ?" ಎಂದು ಕೇಳುವುದಿತ್ತು.

"ಓಹೋ, ಸೇರಿಸಿ ಸೇರಿಸಿ. ಚೆನ್ನಾಗಿ ಬೆಳೀತಾರೆ. ಆದ್ರೆ ಕುಂಡದಲ್ಲಿ ನಿಂತ್ಕೋಬೇಕು, ಬೆಳಿಗ್ಗೆ ಸಾಯಂಕಾಲ ನೀರು ಹಾಕಿಸ್ಕೋಬೇಕು" ಎನ್ನುತ್ತಿದ್ದಳು ಅವಳು. ಮಗು ಕಿಸಕ್ಕನೆ ನಗುತ್ತಿತ್ತು. ಅಪ್ಪ ಅಮ್ಮ ಪೆಚ್ಚುಮೋರೆ ಹಾಕಿಕೊಂಡು, ಬಂದ ತಪ್ಪಿಗೆ ಒಂದು ಗುಲಾಬಿ ಗಿಡವನ್ನಾದರೂ ಹೊತ್ತುಕೊಂಡು ಹೋಗುತ್ತಿದ್ದರು.

ಎಲ್ಲರ ಬಾಯಲ್ಲೂ ಅವಳು ಗಿಡದಮ್ಮ. ಲಾರಿ ಡ್ರೈವರನ ಮಗಳು. ಅಪ್ಪನಿಗೆ ಕೆಲಸ ಸಿಕ್ಕ ಕಡೆಗೆಲ್ಲ ಸಂಸಾರ ಹೊರಡುತ್ತಿತ್ತು. ನೆಲಕ್ಕೆ ನೆಟ್ಟರೆ ಬಿಟ್ಟು ಹೋಗಬೇಕಲ್ಲ ಎಂದು ಅವಳು ಚಿಕ್ಕಂದಿನಿಂದ ಎಣ್ಣೆ ಡಬ್ಬ, ಒಡೆದ ಬಕೆಟ್ಟುಗಳಲ್ಲೇ ಗಿಡ ಬೆಳೆಸಿದವಳು. ಸಾಮಾನಿನ ಜೊತೆ ಡಬ್ಬಗಳೂ ಲಾರಿ ಏರುತ್ತಿದ್ದವು. "ನಮ್ಮ ಮನೇಲಿ ಮನುಷ್ಯರಿಗಿಂತ ಗಿಡಗಳೇ ಹೆಚ್ಚು ಊರು ಕಂಡಿವೆ" ಎಂದು ಅವಳ ಅಪ್ಪ ತಮಾಷೆ ಮಾಡುತ್ತಿದ್ದನಂತೆ. ಮುಂದೆ ಪಾರ್ಕಿನ ಮಾಲಿಯೊಬ್ಬನನ್ನು ಮದುವೆಯಾದಳು. ರನ್‌ವೇಯ ತುದಿಯ ಆ ಕಲ್ಲುನೆಲ ಯಾರಿಗೂ ಬೇಡವಾಗಿದ್ದರಿಂದ ಅವರ ಪಾಲಿಗೆ ಬಂತು. ಇಬ್ಬರೂ ಸೇರಿ ಕಲ್ಲು ಆಯ್ದು ಅದೇ ಕಲ್ಲಿನಿಂದ ಮೈದಾನದ ಕಡೆಗೆ ಒಂದು ಗೋಡೆ ಕಟ್ಟಿದರು, ತರಗೆಲೆ ಕೊಳೆಸಿ ಮಣ್ಣು ಮಾಡಿದರು. ಮಕ್ಕಳಾಗಲಿಲ್ಲ. ಗಂಡ ಕಾಮಾಲೆಗೆ ಸಿಕ್ಕಿ ಹೋದ. ಪಕ್ಕದೂರಿನ ತಂಗಿ ಬಂದು, "ಒಬ್ಬಳೇ ಇಲ್ಲೇನು ಮಾಡ್ತೀಯ ಅಕ್ಕ, ನಮ್ಮ ಜೊತೆ ಬಂದ್ಬಿಡು" ಎಂದಾಗ, "ಜೀವಮಾನದಲ್ಲಿ ಮೊದಲನೇ ಸಲ ನೆಲಕ್ಕೆ ನೆಟ್ಟಿದ್ದೀನಿ ಕಣೆ, ಕೀಳಬೇಡ" ಎಂದು ಹೇಳಿ ಕಳಿಸಿದ್ದಳು.

ಮನಸ್ಸು ಬೆಣ್ಣೆ, ಬಾಯಿ ಮಾತ್ರ ಮೆಣಸಿನಕಾಯಿ. ಆ ಬಾಯಿಗೆ ಹೆಚ್ಚು ಸಿಕ್ಕಿದವನು ಕ್ಲಬ್ಬಿನಲ್ಲಿ ಹಾರಾಟ ಕಲಿಸುತ್ತಿದ್ದ ಮೇಷ್ಟ್ರು. ಅವನ ಪುಟ್ಟ ವಿಮಾನಗಳು ಏಳುವುದೂ ಇಳಿಯುವುದೂ ಅವಳ ತಲೆಯ ಮೇಲೆಯೇ. ಗಾಳಿಗೆ ಎಳೆ ಸಸಿಗಳು ತೂಗಾಡುತ್ತಿದ್ದವು, ಗಿರಾಕಿ ಕೇಳಿದ್ದು ಇವಳಿಗೆ ಕೇಳಿಸುತ್ತಿರಲಿಲ್ಲ. ನೀರಿನ ಪೈಪನ್ನು ಆಕಾಶಕ್ಕೆ ತೋರಿಸಿ ಅವಳು ಬೈಯುತ್ತಿದ್ದಳು. ಮೇಲಿನಿಂದ ಅವನು ರೆಕ್ಕೆಗಳನ್ನು ಆಚೆ ಈಚೆ ವಾಲಿಸಿ ನಮಸ್ಕಾರ ಹೇಳುತ್ತಿದ್ದ. ಒಮ್ಮೆ ರಾಜಿ ಮಾಡಿಕೊಳ್ಳೋಣವೆಂದು ತಾನೇ ಬಂದು ಒಂದು ಗಿಡ ಕೊಂಡುಹೋದ. ತಿಂಗಳು ಕಳೆಯುವಷ್ಟರಲ್ಲಿ ಅದರ ಹೆಣವನ್ನು ಹಿಡಿದುಕೊಂಡು ಮತ್ತೆ ಬಂದ. ಬೇರು ಕೊಳೆತು ನಾರುತ್ತಿತ್ತು.

"ಏನಯ್ಯಾ ಮೇಷ್ಟ್ರೆ, ಗಿಡಕ್ಕೆ ನೀರು ಹಾಕಿದ್ಯೋ ಈಜು ಕಲಿಸಿದ್ಯೋ?"

"ಪ್ರೀತಿಯಿಂದ ಹಾಕಿದೆ ಅಮ್ಮ."

"ನಿನ್ನ ಪ್ರೀತಿ ಬಕೆಟ್ ಲೆಕ್ಕದಲ್ಲಿ ಬಂದ್ರೆ ಯಾವ ಹುಡುಗಿ ತಡ್ಕೋತಾಳೆ? ಅದಕ್ಕೇ ಮದುವೆ ಆಗಿಲ್ಲ ನೀನು."

ಅವನು ಹೊಟ್ಟೆ ಹಿಡಿದುಕೊಂಡು ನಕ್ಕು ಇನ್ನೊಂದು ಗಿಡ ಒಯ್ದ. ಅದನ್ನೂ ಕೊಂದ. ಹಾಗೆ ಶುರುವಾದ ಜಗಳ ಎರಡೂ ಕಡೆಯವರಿಗೆ ಇಲ್ಲದೆ ಆಗದಷ್ಟು ಅಭ್ಯಾಸವಾಯಿತು.

ಅದು ನಡೆದದ್ದು ಒಂದು ಬೆಳಿಗ್ಗೆ. ಗಿಡದಮ್ಮ ಸಸಿಗಳ ನೆರಳಿಗೆಂದು ಬಲೆ ಹೊದಿಸಿದ ಚಪ್ಪರದ ಹೊರಗೆ ಕೂತು ಚೀಲಗಳಿಗೆ ಮಣ್ಣು ತುಂಬುತ್ತಿದ್ದಳು. ಎಂದಿನಂತೆ ವಿಮಾನವೊಂದು ರನ್‌ವೇಯ ಆ ತುದಿಯಿಂದ ಓಡಿಬಂದು ನೆಲ ಬಿಟ್ಟಿತು. ಬೈಯಲೆಂದು ಅವಳು ತಲೆ ಎತ್ತಿದಳು. ಎಂಜಿನ್ನು ಕೆಮ್ಮಿತು. ಮತ್ತೊಮ್ಮೆ ಕೆಮ್ಮಿ ನಿಂತೇಹೋಯಿತು. ಅಷ್ಟು ವರ್ಷ ಆ ಸದ್ದನ್ನು ಶಪಿಸಿದವಳಿಗೆ ಅದು ಇಲ್ಲದ ಮೌನ ಎದೆ ನಡುಗಿಸಿತು.

ವಿಮಾನ ಸಿಳ್ಳೆ ಹಾಕಿದಂತೆ ಗಾಳಿ ಸೀಳಿಕೊಂಡು ಕೆಳಗೆ ಬಂತು. ಕಲ್ಲುಗೋಡೆಯನ್ನು ಕೂದಲೆಳೆಯಲ್ಲಿ ದಾಟಿ, ಚಪ್ಪರದ ಕಂಬಗಳನ್ನು ಕಡ್ಡಿ ಮುರಿದ ಹಾಗೆ ಮುರಿದು, ಹಸಿರು ಬಲೆಯನ್ನು ಮೈಗೆ ಸುತ್ತಿಕೊಂಡು, ಎಲೆಗೊಬ್ಬರದ ಗುಡ್ಡೆಗೆ ಮೂತಿ ತೂರಿಸಿತು. ಒಂದು ಬದಿ ಮಾತ್ರ ನೀರಿನ ಟ್ಯಾಂಕಿನ ಕಬ್ಬಿಣದ ಕಾಲಿಗೆ ಬಡಿದು ನುಜ್ಜುಗುಜ್ಜಾಯಿತು. ಆ ಬದಿಯಲ್ಲಿ ಕೂತಿದ್ದವನು ಮೇಷ್ಟ್ರು.

ಗಿಡದಮ್ಮ ಓಡಿದಳು. ಎಂಜಿನ್ನಿನ ಬಳಿ ಪುಟ್ಟದಾಗಿ ಬೆಂಕಿ ಎದ್ದಿತ್ತು, ಪೆಟ್ರೋಲಿನ ವಾಸನೆ ಮೂಗಿಗೆ ಅಡರುತ್ತಿತ್ತು. ಇನ್ನೊಂದು ಬದಿಯಲ್ಲಿ ಕಲಿಯುವ ಹುಡುಗಿಯೊಬ್ಬಳು ಕಣ್ಣು ತೆರೆದೇ ಇದ್ದಳು, ಕಾಲು ಸಿಕ್ಕಿಕೊಂಡಿತ್ತು. ಸೊಂಟದಲ್ಲಿ ಸದಾ ಇರುತ್ತಿದ್ದ ಗಿಡ ಸವರುವ ಕತ್ತರಿಯಿಂದ ಗಿಡದಮ್ಮ ಬೆಲ್ಟು ಕತ್ತರಿಸಿದಳು. ಕಂಕುಳಿಗೆ ಕೈ ಹಾಕಿ, "ಬಾ ಮಗಳೇ, ಬಾ, ನೋವಾದ್ರೆ ಕಿರುಚು, ಆದ್ರೆ ಬಾ" ಎಂದು ಎಳೆದಳು. ಹುಡುಗಿ ಕಿರುಚಿದಳು, ಬಂದಳು. ಒದ್ದೆ ಗೋಣಿ ಹೊದಿಸಿ ಅವಳನ್ನು ದೂರ ಮಲಗಿಸಿ, ಸಲಿಕೆಯಲ್ಲಿ ಹಸಿಮಣ್ಣು ಎತ್ತಿ ಎತ್ತಿ ಬೆಂಕಿಯ ಮೇಲೆ ಎರಚಿದಳು. ಆಮೇಲೆ ಮೇಷ್ಟ್ರ ಕಡೆಗೆ ಹೋದಳು. ಅಲ್ಲಿ ಕತ್ತರಿಯಿಂದ ಆಗುವ ಕೆಲಸವೇನೂ ಇರಲಿಲ್ಲ. ತಗಡಿನ ಸಂದಿಯಿಂದ ಹೊರಗೆ ಬಂದಿದ್ದ ಅವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ಏಳು ಮೇಷ್ಟ್ರೆ. ಬೈಯಲ್ಲ, ಏಳು." ಕೈ ಬೆಚ್ಚಗಿತ್ತು, ಅಷ್ಟೇ. ಬೆಂಕಿ ಆರಿಸುವವರು ಬಂದು ಅವಳನ್ನು ಪಕ್ಕಕ್ಕೆ ಕರೆದೊಯ್ಯುವವರೆಗೂ ಬಿಡಲಿಲ್ಲ. ಡಾಕ್ಟರು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಪೊಲೀಸರು ಬಂದರು, ತನಿಖೆಯವರು ಬಂದರು, ಅಳೆದರು, ಕೇಳಿದರು, ಮುರಿದ ವಿಮಾನವನ್ನು ಲಾರಿಗೆ ಹೇರಿಕೊಂಡು ಹೋದರು. ಅವರು ಹೋದಮೇಲೆ ಬೇರೆಯವರ ಸರದಿ. ಗಿಡ ಕೊಳ್ಳುವವರು ಬರುವುದು ನಿಂತು, ಜಾಗ ನೋಡುವವರು ಬರತೊಡಗಿದರು. ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು, "ನೋಡು ಪುಟ್ಟಾ, ಅಲ್ಲೇ ಬಿದ್ದಿದ್ದು" ಎನ್ನುವವರು, ಮುರಿದ ಕಂಬಕ್ಕೆ ಒರಗಿ ಫೋಟೋ ತೆಗೆಸಿಕೊಳ್ಳುವವರು. ಗಿಡದಮ್ಮನಿಗೆ ಊಟ ಸೇರುತ್ತಿರಲಿಲ್ಲ, ನಿದ್ದೆ ಹತ್ತುತ್ತಿರಲಿಲ್ಲ. ತಂಗಿಗೆ ಫೋನು ಮಾಡಿ, "ನೀನು ಹೇಳಿದ್ದೇ ಸರಿ. ಯಾರಾದ್ರೂ ತಗೊಳ್ಳೋರಿದ್ರೆ ನೋಡು, ಮಾರಿ ಬಂದ್ಬಿಡ್ತೀನಿ" ಎಂದಳು. ತಂಗಿ ಸಂತೋಷಪಡಬೇಕಿತ್ತು. ಅಕ್ಕನ ದನಿ ಕೇಳಿ ಅತ್ತಳು.

ಹೀಗಿರುವಾಗ ಒಬ್ಬ ವಯಸ್ಸಾದ ಮನುಷ್ಯ ಗೇಟಿನ ಹೊರಗೆ ನಿಲ್ಲತೊಡಗಿದ. ದಿನವೂ ಬರುವುದು, ಕಂಬಿ ಹಿಡಿದು ಒಳಗೆ ನೋಡುವುದು, ಹೋಗುವುದು. ಗಿಡದಮ್ಮ ಒಂದು ದಿನ ತಡೆದುಕೊಂಡಳು, ಎರಡು ದಿನ ತಡೆದುಕೊಂಡಳು. ಮೂರನೇ ದಿನ ಪೈಪು ಕೈಯಲ್ಲಿತ್ತು, ತಲೆ ಕೆಟ್ಟಿತ್ತು. "ನಿಮಗೇನು ಇದು ಸರ್ಕಸ್ಸಾ? ಟಿಕೆಟ್ ಕೊಡ್ಲಾ?" ಎಂದು ನೀರು ಹಾರಿಸಿಯೇಬಿಟ್ಟಳು. ಆ ಹಿರಿಯರು ಓಡಲಿಲ್ಲ, ಬೈಯಲೂ ಇಲ್ಲ. ಮುಖದ ಮೇಲಿನ ನೀರನ್ನು ಅಂಗೈಯಲ್ಲಿ ಒರೆಸಿಕೊಂಡು, "ತಪ್ಪಾಯ್ತು ತಾಯಿ. ಅವನು ನನ್ನ ಮಗ. ಎಲ್ಲಿ ಅಂತ ಒಂದ್ಸಲ ನೋಡಬೇಕಿತ್ತು" ಎಂದರು.

ಭೂಮಿ ಬಾಯಿ ಬಿಟ್ಟರೆ ಸಾಕೆನಿಸಿತು ಗಿಡದಮ್ಮನಿಗೆ. ಪೈಪು ಅಲ್ಲೇ ಬಿಸಾಕಿ ಗೇಟು ತೆಗೆದಳು. ತನ್ನ ಟವೆಲ್ಲು ಕೊಟ್ಟು, ಕುರ್ಚಿ ತಂದು ಹಾಕಿ, ಚಹಾ ಮಾಡಿ ತಂದಳು. ಅವರು ಬಡಗಿ. ಬಾಗಿಲು ಕಿಟಕಿ ಮಾಡುತ್ತಿದ್ದವರು, ಈಗ ಮಗಳ ಸಂಸಾರದ ಜೊತೆಯಲ್ಲಿದ್ದರು. ಮಗ ಸತ್ತ ದಿನದಿಂದ ಉಳಿ ಮುಟ್ಟಿರಲಿಲ್ಲ.

ಚಹಾ ಆರುತ್ತಿತ್ತು. ಅವರು ಲೋಟ ನೋಡುತ್ತಲೇ ಕೇಳಿದರು, "ಆಗ ಅವನು ಒಬ್ಬನೇ ಇದ್ದನಾ?"

"ಇಲ್ಲ ಅಣ್ಣ. ನಾನಿದ್ದೆ. ಕೈ ಹಿಡ್ಕೊಂಡಿದ್ದೆ."

"ಏನಾದ್ರೂ ಹೇಳಿದನಾ?"

ಹೇಳಿದ ಎಂದುಬಿಡಲೇ ಎನಿಸಿತು ಅವಳಿಗೆ. ಅಪ್ಪನನ್ನು ನೆನೆಸಿಕೊಂಡ ಎಂದರೆ ಯಾರ ಗಂಟು ಹೋಗುತ್ತದೆ? ಆದರೆ ಆ ಮುಖದ ಮುಂದೆ ಸುಳ್ಳು ನಾಲಗೆಗೆ ಬರಲಿಲ್ಲ. "ಇಲ್ಲಣ್ಣ. ನಾನೇ ಮಾತಾಡ್ತಿದ್ದೆ. ಅವನಿಗೆ ಕೇಳಿಸ್ತೋ ಇಲ್ವೋ ದೇವರಿಗೇ ಗೊತ್ತು."

ಅವರು ತಲೆಯಾಡಿಸಿದರು. ಆರಿದ ಚಹಾ ಕುಡಿದರು. ಎದ್ದು ಹೊರಡುವಾಗ ಚಪ್ಪರದ ಹತ್ತಿರ ನಿಂತು, ವಾಲಿದ್ದ ಒಂದು ಕಂಬವನ್ನು ಕೈಯಿಂದ ಅಲ್ಲಾಡಿಸಿದರು. "ಇದನ್ನ ಹೀಗೇ ಬಿಟ್ರೆ ಯಾರ ತಲೆ ಮೇಲಾದ್ರೂ ಬೀಳುತ್ತೆ ತಾಯಿ."

"ಬೀಳಲಿ ಬಿಡಿ. ನಾನೇ ಇಲ್ಲಿಂದ ಹೊರಟಿದ್ದೀನಿ."

"ಹೊರಡೋರು ಹೊರಡಬಹುದು. ಕಂಬ ನೆಟ್ಟಗಿರಬೇಕು" ಎಂದು ಅವರು ಹೋದರು. ಮರುದಿನ ಹತಾರದ ಚೀಲ ಹೆಗಲಿಗೆ ಹಾಕಿಕೊಂಡು ಬಂದರು.

ಮೊದಲು ಒಂದು ಕಂಬ ನಿಂತಿತು. ಅದಕ್ಕೆ ಜೊತೆಯಿಲ್ಲದೆ ಆಗದು ಎಂದು ಇನ್ನೊಂದು. ಎರಡು ಕಂಬ ನಿಂತಮೇಲೆ ಮೇಲೊಂದು ತೊಲೆ ಇಲ್ಲದಿದ್ದರೆ ಹೇಗೆ? ಬಡಗಿ ಮಾತಾಡುತ್ತಿದ್ದದ್ದು ಬಾಯಲ್ಲಿ ಮೊಳೆ ಇಲ್ಲದಾಗ ಮಾತ್ರ, ಮೊಳೆ ಇಲ್ಲದ ಹೊತ್ತು ಕಡಿಮೆ. ಆ ಕೊರತೆಯನ್ನು ಗಿಡದಮ್ಮ ತುಂಬುತ್ತಿದ್ದಳು. ಮಣ್ಣು ತುಂಬುತ್ತ, ಸಸಿ ಬದಲಿಸುತ್ತ, ಮೇಷ್ಟ್ರು ಕೊಂದ ಗಿಡಗಳ ಕಥೆಯನ್ನೆಲ್ಲ ಹೇಳಿದಳು. ಈಜು ಕಲಿಸಿದ ಮಾತಿಗೆ ಬಡಗಿ ಏಣಿಯ ಮೇಲೆ ಫಕ್ಕನೆ ನಕ್ಕರು. ನಕ್ಕ ಸದ್ದು ತಮ್ಮದೇ ಎಂದು ಗೊತ್ತಾಗಿ ಬೆಚ್ಚಿ, ಸುತ್ತಿಗೆ ತೊಲೆಯ ಮೇಲಿಟ್ಟು ಅತ್ತರು. ಅವಳು ಏಣಿಯ ಕೆಳಗೆ ನಿಂತು ಅದನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಬೇರೇನು ಮಾಡಬೇಕೆಂದು ಅವಳಿಗೆ ತಿಳಿಯಲಿಲ್ಲ. ಬೇರೇನೂ ಬೇಕಾಗಿಯೂ ಇರಲಿಲ್ಲ.

"ಚಿಕ್ಕೋನಿದ್ದಾಗ ನಾನು ಮರ ಉಜ್ಜಿದಾಗ ಬಿದ್ದ ಸಿಪ್ಪೆಯನ್ನೆಲ್ಲ ಅಂಟಿಸಿ ರೆಕ್ಕೆ ಮಾಡ್ಕೊಂಡು ಮಾಳಿಗೆ ಮೇಲಿಂದ ಹಾರಿದ್ದ" ಎಂದರು ಬಡಗಿ, ಕೆಳಗಿಳಿದು ಬಂದು. "ಕೈ ಮುರೀತು. ಆವತ್ತೇ ಹೊಡೆದು ಬುದ್ಧಿ ಹೇಳಿದ್ರೆ ಇವತ್ತು ಇರ್ತಿದ್ದನೇನೋ."

"ಹೊಡೆದ್ರೆ ಎದುರು ಮನೆ ಮಾಳಿಗೆಯಿಂದ ಹಾರ್ತಿದ್ದ ಅಣ್ಣ. ನಾನು ಅವನಿಗೆ ವರ್ಷಗಟ್ಟಲೆ ಬೈದಿದ್ದೀನಿ, ಒಂದು ಗೇಣಾದ್ರೂ ಬದಲಾದನಾ?"

ಬಡಗಿ ಯೋಚಿಸಿ, "ಅದೂ ನಿಜವೇ" ಎಂದರು.

ತಂಗಿಯ ಫೋನು ಬಂತು. ಜಾಗ ನೋಡಲು ಒಬ್ಬರು ಸಿದ್ಧರಿದ್ದಾರಂತೆ. "ಈಗ ಬೇಡ ಕಣೆ, ಚಪ್ಪರದ ಕೆಲಸ ನಡೀತಿದೆ, ಧೂಳು" ಎಂದಳು ಗಿಡದಮ್ಮ. ತಂಗಿ ಮತ್ತೆ ಆ ಮಾತೆತ್ತಲಿಲ್ಲ. ಹಸಿರು ಬಲೆ ಎಳೆದು ಕಟ್ಟಿದ ದಿನ ಒಬ್ಬ ಹೆಂಗಸು ಬಂದು, ಜಾಗ ನೋಡದೆ ಗಿಡ ನೋಡಿದಳು. ದಾಸವಾಳ ಬೇಕಿತ್ತಂತೆ. ಗಿಡದಮ್ಮ ಮೂರು ಬಣ್ಣದ್ದನ್ನು ತೋರಿಸಿ, ಒಂದು ಗಂಟೆ ಉಪದೇಶ ಮಾಡಿ ಕಳಿಸಿದಳು.

ಹುಡುಗಿ ಬಂದದ್ದು ಅದಾದ ಮೇಲೆ. ಆಸ್ಪತ್ರೆಯಿಂದ ಮನೆಗೆ ಬಂದು, ಊರುಗೋಲು ಹಿಡಿದು ನಡೆಯುವಷ್ಟು ಆದಕೂಡಲೇ ಆಟೋ ಹತ್ತಿ ಬಂದಿದ್ದಳು. ತೋಳಿನ ಮೇಲೆ ಸುಟ್ಟ ಗಾಯದ ಹೊಸ ಚರ್ಮ ಗುಲಾಬಿ ಬಣ್ಣಕ್ಕೆ ಹೊಳೆಯುತ್ತಿತ್ತು. ಗಿಡದಮ್ಮನನ್ನು ಕಂಡದ್ದೇ ಊರುಗೋಲು ಬಿಟ್ಟು ಅಪ್ಪಿಕೊಂಡಳು. ಗಿಡದಮ್ಮ, "ಅಯ್ಯೋ ಮಗಳೇ, ಇನ್ನೊಂದು ಕಾಲೂ ಮುರ್ಕೋಬೇಡ" ಎಂದು ಬೈಯುತ್ತಲೇ ಕಣ್ಣೊರೆಸಿಕೊಂಡಳು. ಆಗ ಏಣಿಯ ಮೇಲಿದ್ದವರ ಕಡೆ ಹುಡುಗಿಯ ಕಣ್ಣು ಹೋಯಿತು. ಮೇಷ್ಟ್ರದೇ ಹಣೆ, ಮೇಷ್ಟ್ರದೇ ಮೂಗು. ಯಾರೆಂದು ಯಾರೂ ಹೇಳಬೇಕಾಗಲಿಲ್ಲ. ಅವಳು ಬಿದ್ದಿದ್ದ ಊರುಗೋಲಿಗೆ ಕೈ ಚಾಚಿದಳು.

"ನಾನು ಹೋಗ್ತೀನಿ ಅಮ್ಮ."

"ಯಾಕೆ?"

"ವಿಮಾನ ನನ್ನ ಕೈಯಲ್ಲಿತ್ತು. ಎಬ್ಬಿಸಿದ್ದು ನಾನೇ. ಏನು ಮುಖ ಇಟ್ಕೊಂಡು ಅವರ ಮುಂದೆ ನಿಲ್ಲಲಿ?"

ಮೆಲ್ಲಗೆ ಹೇಳಿದ್ದರೂ ಮೇಲಿದ್ದವರಿಗೆ ಕೇಳಿಸಿತು. ಬಡಗಿ ಬಾಯಿಂದ ಮೊಳೆ ತೆಗೆದು ಜೇಬಿಗೆ ಹಾಕಿಕೊಂಡು, ಒಂದೊಂದೇ ಮೆಟ್ಟಿಲು ಇಳಿದು ಬಂದರು. ಮರದ ಸ್ಟೂಲೊಂದನ್ನು ಹುಡುಗಿಯ ಹತ್ತಿರ ಸರಿಸಿ, "ಕೂತ್ಕೋ ಮಗು. ಕಾಲು ನೋಯುತ್ತೆ" ಎಂದರು. ತಾವು ನೆಲದ ಮೇಲೆ ಕೂತರು. "ಕೊನೆಗೆ ಏನಾಯ್ತು ಅಂತ ನಿನಗೆ ಮಾತ್ರ ಗೊತ್ತು. ಹೇಳೋಕಾದ್ರೆ ಹೇಳು. ಆಗಲ್ಲ ಅಂದ್ರೆ ಬೇಡ."

ಹುಡುಗಿ ಬಿಕ್ಕುತ್ತ ಹೇಳಿದಳು. ಎಂಜಿನ್ನು ಕೆಮ್ಮಿದಾಗ ಅವಳ ಕೈ ಮರಗಟ್ಟಿತ್ತು. 'ಕೈ ಬಿಡು, ನನಗೆ ಕೊಡು' ಎಂದರು ಮೇಷ್ಟ್ರು. ದನಿ ಜೋರಾಗಿರಲಿಲ್ಲ, ಪಾಠ ಹೇಳುವಾಗ ಇರುವಂತೆಯೇ ಇತ್ತು. ಹಿಂದೆ ತಿರುಗಿಸುವಷ್ಟು ಎತ್ತರವಿರಲಿಲ್ಲ. ಮುಂದೆ ಕಲ್ಲುಗೋಡೆ. ಗೋಡೆ ದಾಟಿಸಿ ಮೆತ್ತಗಿರುವ ಕಡೆ ಇಳಿಸುತ್ತೇನೆ ಎಂದರು. ಅಷ್ಟು ಹೇಳಿ ಹುಡುಗಿ ಮೂಗು ಒರೆಸಿಕೊಂಡಳು.

"ಆಮೇಲೆ?" ಎಂದರು ಬಡಗಿ.

"ಆಮೇಲೆ... ನಕ್ಕರು. ನನಗೆ ಹೆದರಿಕೆ ಆಗಬಾರದು ಅಂತ ಇರಬೇಕು. 'ಗಿಡದಮ್ಮನ ಚಪ್ಪರ! ಇವತ್ತು ನಮ್ಮಿಬ್ಬರಿಗೂ ಬೈಗುಳ ತಪ್ಪಿದ್ದಲ್ಲ' ಅಂದರು. ಅದೇ ಕೊನೆ."

ಗಿಡದಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಗುವೋ ಅಳುವೋ ಅವಳಿಗೇ ಗೊತ್ತಾಗಲಿಲ್ಲ. ಬಡಗಿ ಎಲೆಗೊಬ್ಬರದ ಗುಡ್ಡೆಯನ್ನು ನೋಡಿದರು, ಕಲ್ಲುಗೋಡೆಯನ್ನು ನೋಡಿದರು, ಎರಡರ ನಡುವಿನ ಅಂತರವನ್ನು ಕಣ್ಣಲ್ಲೇ ಅಳೆದರು.

"ನೋಡು ಮಗು," ಎಂದರು ಕೊನೆಗೆ, "ನಾನು ಬಡಗಿ. ಒಂದು ಕೆಲಸ ಚೆನ್ನಾಗಾಗಿದೆಯೋ ಇಲ್ಲವೋ ಅಷ್ಟು ಗೊತ್ತಾಗುತ್ತೆ. ನನ್ನ ಮಗ ಕೊನೇಲಿ ಒಂದು ಕೆಲಸ ಮಾಡಿದ. ನೀನು ಬದುಕಿದ್ದೀಯಲ್ಲ, ಅದೇ ಆ ಕೆಲಸ. ನೀನು ಅದನ್ನ ತಪ್ಪು ತಪ್ಪು ಅಂತ ಅಳ್ತಾ ಕೂತ್ರೆ ಅವನ ಕೆಲಸ ಕೆಟ್ಟ ಹಾಗೆ. ಕೆಡಿಸಬೇಡ."

ಹುಡುಗಿ ಆ ದಿನ ಸಂಜೆಯವರೆಗೂ ಅಲ್ಲೇ ಇದ್ದಳು. ಗಿಡದಮ್ಮ ಅವಳ ಕೈಗೆ ಒಂದು ತಟ್ಟೆ ಬೀಜ ಕೊಟ್ಟು, "ಕಾಲಿಗೆ ರಜ, ಕೈಗಲ್ಲ" ಎಂದು ಬಿತ್ತಲು ಕೂರಿಸಿದ್ದಳು.

ತನಿಖೆ ಮುಗಿದಾಗ ತಿಳಿದದ್ದು ಇಷ್ಟು: ಎಂಜಿನ್ನಿಗೆ ಪೆಟ್ರೋಲು ಹೋಗುವ ನಳಿಗೆಯ ಒಳಗೆ, ಹೊರಗಿನಿಂದ ಕಾಣದ ಒಂದು ಬಿರುಕು. ಹಾರಿಸುತ್ತಿದ್ದ ಕೈಯ ತಪ್ಪಲ್ಲ. ಅಂಥ ನಳಿಗೆಗಳನ್ನೆಲ್ಲ ಕ್ಲಬ್ಬಿನವರು ಬದಲಿಸಿದರು. ಸುದ್ದಿ ಹೇಳಲು ಹುಡುಗಿ ಓಡಿಬಂದಳು. ಓಡಿಬಂದಳು ಎಂಬುದೇ ಗಿಡದಮ್ಮನಿಗೆ ದೊಡ್ಡ ಸುದ್ದಿ, ಊರುಗೋಲು ಎಲ್ಲೂ ಇರಲಿಲ್ಲ.

"ಮತ್ತೆ ಕಲಿಯೋಕೆ ಹೋಗ್ತೀನಿ ಅಮ್ಮ. ಮನೇಲಿ ಬೇಡ ಅಂತಿದ್ದಾರೆ. ನೀವೇನಂತೀರ?"

ಗಿಡದಮ್ಮನಿಗೆ ಬೇಡ ಎನ್ನುವ ಮಾತು ಗಂಟಲಿನವರೆಗೆ ಬಂದಿತ್ತು. ಬಡಗಿಯ ಕಡೆ ನೋಡಿದಳು. ಅವರು ಹಲಗೆ ಉಜ್ಜುತ್ತಲೇ ಇದ್ದರು. "ನಾನು ಹೇಳೋದೇನು," ಎಂದಳು ಅವಳು. "ನನಗೆ ಭಯ. ನನ್ನ ಭಯ ನಾನು ಇಟ್ಕೋತೀನಿ, ನಿನ್ನ ತಲೆಗೆ ಕಟ್ಟಲ್ಲ. ನಿಮ್ಮಮ್ಮನ್ನ ಒಂದ್ಸಲ ಇಲ್ಲಿಗೆ ಕರ್ಕೊಂಡು ಬಾ. ಇಬ್ಬರೂ ಕೂತು ಹೆದರ್ಕೋತೀವಿ. ಜೊತೆಗೆ ಹೆದರಿದ್ರೆ ಅರ್ಧ ಆಗುತ್ತೆ."

ಹುಡುಗಿಯ ತಾಯಿ ನಿಜವಾಗಿಯೂ ಬಂದಳು. ಇಬ್ಬರೂ ಕಲ್ಲುಬೆಂಚಿನ ಮೇಲೆ ಕೂತು ಮೂರು ಲೋಟ ಚಹಾ ಕುಡಿದರು. ಮಾತು ಹೆದರಿಕೆಯಿಂದ ಶುರುವಾಗಿ ಮಗಳ ಹಟಕ್ಕೆ ಹೊರಳಿ, ನಿಂಬೆ ಗಿಡ ಯಾಕೆ ಹೂ ಬಿಟ್ಟೂ ಕಾಯಿ ಕಚ್ಚುವುದಿಲ್ಲ ಎಂಬಲ್ಲಿಗೆ ಬಂದು ನಿಂತಿತು.

ವರ್ಷ ತಿರುಗುವುದರೊಳಗೆ ಸಸಿತೋಟ ಹಿಂದಿಗಿಂತ ದೊಡ್ಡದಾಯಿತು. ಬಡಗಿ ವಾರದಲ್ಲಿ ಮೂರು ನಾಲ್ಕು ದಿನ ಬರುತ್ತಿದ್ದರು. ಮರದ ಕುಂಡ, ಕಿಟಕಿಗೆ ತಗುಲಿಹಾಕುವ ಪೆಟ್ಟಿಗೆ, ಬಳ್ಳಿ ಹಬ್ಬಿಸುವ ಚೌಕಟ್ಟು ಮಾಡುತ್ತಿದ್ದರು, ಜನ ಅದನ್ನೇ ಕೇಳಿಕೊಂಡು ಬರುತ್ತಿದ್ದರು. ಅವರ ಬಾಯಲ್ಲಿ ಗಿಡದಮ್ಮ 'ತಾಯಿ' ಹೋಗಿ 'ತಂಗಿ' ಆಗಿದ್ದಳು. ಗಿಡಗಳ ಬಗ್ಗೆ ಅವರಿಗೆ ಏನೂ ಗೊತ್ತಾಗುತ್ತಿರಲಿಲ್ಲ. ನೀರು ಹಾಕಲು ಅವಳು ಬಿಡುತ್ತಲೂ ಇರಲಿಲ್ಲ. "ನಿಮ್ಮ ಮನೆತನದ ಕೈಗುಣ ನೋಡಿದ್ದೀನಿ, ನೀವು ಮರ ಸತ್ತಮೇಲೆ ಮುಟ್ಟಿ ಸಾಕು" ಎನ್ನುತ್ತಿದ್ದಳು.

ಹುಡುಗಿ ಮೊದಲ ಸಲ ಒಬ್ಬಳೇ ವಿಮಾನ ಎಬ್ಬಿಸುವ ದಿನ ಬಂತು. ಕ್ಲಬ್ಬಿಗೇ ಬಂದು ನೋಡಿ ಎಂದು ಕರೆದಿದ್ದಳು. ಹುಡುಗಿಯ ತಾಯಿ ಹೋದಳು. ಬಡಗಿ, "ನಾನು ಇಲ್ಲೇ ಇರ್ತೀನಿ" ಎಂದರು. ಗಿಡದಮ್ಮನೂ ಉಳಿದಳು. ಇಬ್ಬರೂ ಬೆಳಿಗ್ಗೆಯಿಂದ ಬೇಕಾದ್ದಕ್ಕಿಂತ ಹೆಚ್ಚು ಕೆಲಸ ಮಾಡಿದರು.

ಎಂಜಿನ್ನಿನ ಸದ್ದು ಕೇಳಿದಾಗ ಬಡಗಿ ಗರಗಸ ನಿಲ್ಲಿಸಿದರು. ಗಿಡದಮ್ಮ ಎದ್ದು ಬಂದು ಅವರ ಪಕ್ಕ ನಿಂತಳು. ವಿಮಾನ ನೆಲ ಬಿಟ್ಟಿತು. ಗೋಡೆಯ ಮೇಲೆ ಬಂತು, ತಲೆಯ ಮೇಲೆ ಬಂತು. ಸಸಿಗಳೆಲ್ಲ ತೂಗಾಡಿದವು, ಹಸಿರು ಬಲೆ ಪಟಪಟ ಬಡಿಯಿತು. ಸದ್ದು ಎಲ್ಲೂ ತಡವರಿಸಲಿಲ್ಲ. ಏರುತ್ತ ಏರುತ್ತ ವಿಮಾನ ತಿರುಗಿ, ಬಿಸಿಲಿಗೆ ಒಮ್ಮೆ ಮಿಂಚಿ, ಚುಕ್ಕೆಯಾಯಿತು. ಅಷ್ಟು ಹೊತ್ತೂ ಗಿಡದಮ್ಮ ಬಡಗಿಯ ಮುಂಗೈ ಹಿಡಿದುಕೊಂಡಿದ್ದಳು. ಉಗುರು ಊರಿದ್ದು ಅವಳಿಗೂ ಗೊತ್ತಿರಲಿಲ್ಲ, ಅವರಿಗೂ.

"ಚೆನ್ನಾಗಿ ಎತ್ತಿದಳು" ಎಂದರು ಬಡಗಿ.

"ಇಳೀಬೇಕಲ್ಲ ಇನ್ನೂ."

"ಇಳೀತಾಳೆ."

ಇಳಿದಳು. ಸ್ವಲ್ಪ ಹೊತ್ತಿಗೆ ಚಕ್ರ ನೆಲ ಮುಟ್ಟಿದ ಸದ್ದು ಗೋಡೆಯಾಚೆಯಿಂದ ಬಂತು, ಹಿಂದೆಯೇ ಯಾರೋ ಚಪ್ಪಾಳೆ ತಟ್ಟಿದ್ದು, ಇನ್ಯಾರೋ, ಹುಡುಗಿಯ ತಾಯಿಯೇ ಇರಬೇಕು, ಜೋರಾಗಿ ಅತ್ತದ್ದು ಕೇಳಿಸಿತು. ಬಡಗಿ ಕಣ್ಣು ಮುಚ್ಚಿ ನಿಂತಿದ್ದರು, ತುಟಿಯ ಅಂಚಿನಲ್ಲಿ ನಗುವಿತ್ತು. ಗೇಟಿನ ಬಳಿ ಗಂಡಹೆಂಡತಿ ಇಬ್ಬರು ಬಂದು, ಹೊಸ ಮನೆಯ ಮುಂದೆ ನೆಡಲು ಬೇಗ ಬೆಳೆಯುವ ಮರ ಯಾವುದಾದರೂ ಇದೆಯೇ ಎಂದು ಕೇಳುತ್ತಿದ್ದರು. ಗಿಡದಮ್ಮ ಮುಖ ಒರೆಸಿಕೊಂಡು, "ಬೇಗ ಬೆಳೆಯೋದು ಯಾವುದೂ ಇಲ್ಲ, ಚೆನ್ನಾಗಿ ಬೆಳೆಯೋದು ಇದೆ, ಒಳಗೆ ಬನ್ನಿ" ಎಂದು ಕರೆಯುತ್ತ ಅತ್ತ ನಡೆದಳು.